ತೊಳೆದ ಕೈ

ನನಗೆ ಸಿಟ್ಟು ಬೇಗ ಬರುತ್ತದೆಂದು ಬೆಟಗೇರಿಯ ನಮ್ಮ ಓಣಿಯ ನಾಯಿಗೂ ಗೊತ್ತು. ತಪ್ಪು ಮಾಡಿದವರ ಮೇಲೆ ಬಂದ ಸಿಟ್ಟು ಬೈದರೆ ಇಳಿಯುತ್ತದೆ. ಎದುರಿನವರದೇ ಸರಿ ಎಂದು ಗೊತ್ತಾದಾಗ ಬರುತ್ತದಲ್ಲ, ಆ ಸಿಟ್ಟಿಗೆ ಮದ್ದಿಲ್ಲ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯನ್ನು ನಾನು ಪೂರ್ತಿ ಅದರಲ್ಲಿಯೇ ಕಳೆದೆ.

ಓಣಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ನನ್ನ ಹೆಂಡತಿ ಸರೋಜಾ ಹೋಗಿ ತಲೆದೆಸೆಯಲ್ಲಿ ಕೂಡುವವಳು. ಕೂಸು ಹಿಡಿಯುವವಳು ಸೂಲಗಿತ್ತಿ. ಇವಳದು ಹಡೆಯುವವಳ ಕೈ ಹಿಡಿದು, ಬೆನ್ನು ತಿಕ್ಕಿ, ಧೈರ್ಯ ಹೇಳುವ ಕೆಲಸ. ಲಕ್ಕುಂಡಿಯಿಂದಲೂ ಚಕ್ಕಡಿ ಕಳಿಸಿ ಕರೆಸುತ್ತಿದ್ದರು. ಹೀಗಿರುವಾಗ ಗದಗಿನ ಸರಕಾರಿ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿ ಶುರುವಾಯಿತು. ಇವಳು ಸೇರಿದಳು. ಶಾಲಾ ಮಾಸ್ತರನಾದ ನಾನು ದೊಡ್ಡ ಮನಸ್ಸು ಮಾಡಿ, ‘ನಿನ್ನ ಬೆನ್ನಿಗೆ ನಾ ಅದೇನಿ, ಹೋಗು’ ಎಂದೆ. ಬೆನ್ನಷ್ಟೇ ಅಲ್ಲ, ಹೊಟ್ಟೆಯನ್ನೂ ಕೊಡಬೇಕಾಗುತ್ತದೆಂದು ಆಗ ತಿಳಿದಿರಲಿಲ್ಲ.

ಆದದ್ದಿಷ್ಟು. ಕೈ ತೊಳೆದ ಮೇಲೆ ಸೂಲಗಿತ್ತಿ ಕಂಡಕಂಡದ್ದನ್ನು ಮುಟ್ಟಬಾರದು. ಸರೋಜಾ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆಯುತ್ತಿದ್ದಳು. ಹಡೆಯುವವಳು ನೋವಿಗೆ ಕೈ ಚಾಚಿದೊಡನೆ ಇವಳು ಗಪ್ಪನೆ ಹಿಡಿದುಬಿಡುತ್ತಿದ್ದಳು. ‘ಮತ್ತ ತೊಳಕೊಳ್ರಿ!’ ಎಂದು ಕಲಿಸುವ ನರ್ಸಬಾಯಿ ಗದರುತ್ತಿದ್ದರು. ಪರೀಕ್ಷೆಯಲ್ಲಿ ಹೀಗೆ ಮಾಡಿದರೆ ನಾಪಾಸು ಎಂದೂ ಹೇಳಿದ್ದರು. ನನಗೆ ಮೈಯೆಲ್ಲ ಉರಿಯಿತು. ಸಂಕಟದಲ್ಲಿದ್ದವಳ ಕೈ ಹಿಡಿಯುವುದು ತಪ್ಪೇ? ಜಗಳಕ್ಕೆಂದೇ ಹೋದೆ. ಅವರು ತಣ್ಣಗೆ, ‘ಮಾಸ್ತರ್ರ, ಹೊಲಸ ಕೈಲೆ ನಂಜಾಗಿ ತಾಯಂದಿರು ಸಾಯ್ತಾರ್ರಿ. ನಾ ಕಣ್ಣಾರೆ ಕಂಡೇನಿ’ ಎಂದರು. ಖರೆ ಮಾತು. ಸಿಟ್ಟು ಇಮ್ಮಡಿಯಾಗಿ ಮನೆಗೆ ಬಂದೆ.

ಇನ್ನು ಮನೆಯಲ್ಲೇ ತಾಲೀಮು. ಹೊಟ್ಟೆಗೆ ತಲೆದಿಂಬು ಕಟ್ಟಿಕೊಂಡು ಚಾಪೆಯ ಮೇಲೆ ಮಲಗಿ ನಾನು ನರಳಬೇಕು, ಕೈ ಚಾಚಬೇಕು, ಅವಳು ಹಿಡಿಯಬಾರದು. ‘ಆತವ್ವಾ, ಇನ್ನೊಂದೀಟು ತಡ್ಕೊ’ ಎನ್ನುತ್ತ ಪ್ರತಿಸಲವೂ ಹಿಡಿದಳು, ಪ್ರತಿಸಲವೂ ಮತ್ತೆ ತೊಳೆದಳು. ನಮ್ಮೂರ ನಳದ ಮರ್ಜಿ ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ನೀರು ಬಂದ ದಿನವೇ ಹಬ್ಬ. ಸೈಕಲ್ಲಿಗೆ ಕೊಡ ಕಟ್ಟಿ ದೂರದ ಬಾವಿಯಿಂದ ನಾನು ತಂದ ನೀರು ಕಣ್ಣೆದುರೇ ಬಚ್ಚಲಿಗೆ ಹರಿಯುತ್ತಿತ್ತು. ‘ಕೈ ಬಿಡು! ನೀರು ಯಾರಪ್ಪಂದು?’ ಎಂದು ತುಂಬು ಬಸುರಿಯಾದ ನಾನು ಕೂಗುತ್ತಿದ್ದೆ. ಪಕ್ಕದ ಮನೆಯ ಬಸಪ್ಪಕಾಕಾ ಗಿಡ್ಡ ಗೋಡೆಯ ಮೇಲಿಂದ ಇಣುಕಿ, ‘ಎಷ್ಟ ತಿಂಗಳಾತ್ರಿ ಮಾಸ್ತರ್ರ?’ ಎಂದ. ಒಂದು ದಿನ ಅಲ್ಲ, ದಿನಾ ಬಂದು ನಿಲ್ಲುತ್ತಿದ್ದ. ಆ ಮುದುಕನೊಡನೆ ಮಾತು ಬಿಟ್ಟೆ.

ಪರೀಕ್ಷೆಯ ದಿನ ಸರೋಜಾ ಆಸ್ಪತ್ರೆಯಿಂದ ಅಳುತ್ತ ಹೊರಗೆ ಬಂದಳು. ನಾಪಾಸಾಯಿತೆಂದು ನಾನು ತೋಳೇರಿಸಿದೆ.

‘ಪಾಸಾಗೇನ್ರಿ. ಸೊರಟೂರ ಹುಡುಗಿ, ಚೊಚ್ಚಲ. ನನ್ನ ಕಡೆ ಕೈ ಚಾಚಿದ್ಲು. ನಾ ಹಿಡೀಲಿಲ್ಲ.’

ತಾಯಿ, ಕೂಸು ಇಬ್ಬರೂ ಸುಖವಾಗಿದ್ದರು. ಆದರೂ ಗಾಳಿಯಲ್ಲಿ ಉಳಿದ ಆ ಕೈ ನೆನೆದರೆ ನನಗೆ ಈಗಲೂ ರೋಷ ಬರುತ್ತದೆ. ತೊಳೆದ ಕೈಗಳನ್ನು ತಯಾರು ಮಾಡುವ ಸರಕಾರಕ್ಕೆ, ಹಿಡಿಯಲು ಇನ್ನೊಂದು ಕೈ ಬೇಕೆಂದು ಹೊಳೆಯಬಾರದೇ? ಸರೋಜಾ ಕೂಗಾಡಲಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ ಹೊಸ್ತಿಲಲ್ಲೇ, ‘ಕೈ ಹಿಡಿಯಾಕ ಯಾರದಾರ?’ ಎಂದು ಕೇಳತೊಡಗಿದಳು. ಯಾರಾದರೂ ತಲೆದೆಸೆಗೆ ಬಂದು ಕುಳಿತ ಮೇಲೆಯೇ ಸಾಬೂನು ಮುಟ್ಟುತ್ತಿದ್ದಳು.

ಮುಂದೊಂದು ದಿನ ನನಗೆ ಕಿಡ್ನಿಯ ಹರಳಿನ ನೋವು ಎದ್ದಿತು. ಅದೇ ಚಾಪೆ, ನರಳಾಟ ಮಾತ್ರ ಈ ಸಲ ಖರೇದು. ಸರೋಜಾಳ ಕಡೆ ಕೈ ಚಾಚಿದೆ. ಅವಳು ಡಾಕ್ಟರಿಗೆ ಹೇಳಿ ಕಳಿಸಿ, ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ನೇಕಾರರ ಮನೆಯಿಂದ ಕರೆ ಬಂದಿತ್ತು. ‘ಅಲ್ಲಿ ಕೂಸು ನಿಂದ್ರಂಗಿಲ್ರಿ’ ಎಂದವಳು ಗೋಡೆಯ ಕಡೆ ತಿರುಗಿ, ‘ಕಾಕಾ, ಜಲ್ದಿ ಬರ್ರಿ, ಇವರ ಕೈ ಹಿಡೀರಿ’ ಎಂದು ಕೂಗಿ ಹೊರಟೇಹೋದಳು.

ಬಸಪ್ಪಕಾಕಾ ಬಂದು ತಲೆದೆಸೆಯಲ್ಲಿ ಕುಳಿತ. ನನ್ನ ಕೈ ಹಿಡಿದು, ಆ ಬೇಸಿಗೆಯಿಡೀ ಗೋಡೆಯಾಚೆ ನಿಂತು ಕಲಿತದ್ದನ್ನು ಒಪ್ಪಿಸಿದ: ‘ಆತವ್ವಾ, ಇನ್ನೊಂದೀಟು ತಡ್ಕೊ.’

ಕೈ ಕಿತ್ತುಕೊಳ್ಳಬೇಕೆಂದುಕೊಂಡೆ. ಆದರೆ ಹಾಳು ನೋವು ನಿಜವಾಗಿಯೂ ಕಡಿಮೆಯಾಗುತ್ತಿತ್ತು. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿಲ್ಲ. ಡಾಕ್ಟರು ಬರುವ ತನಕ ಆ ಮುದುಕನ ಕೈ ಬಿಡಲೂ ಇಲ್ಲ.