ನಾದಿನಿಯ ಜಗಲಿಯ ಪ್ಲಗ್ಗು

ಕಣ್ಣಿಗೆ ಬಿದ್ದದ್ದನ್ನು ಹೇಳದೆ ಸುಮ್ಮನಿರಲಾರೆ ಎಂಬುದು ನನ್ನ ಹಳೆಯ ಕಾಯಿಲೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಹೆಪ್ಪಿಗೆ ಮಜ್ಜಿಗೆ ಯಾರ ಮನೆಯಿಂದ ಬಂತು, ಎಲ್ಲವೂ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇರುತ್ತದೆ. ಕರೆಂಟಿನ ಸ್ಕೂಟರ್ ಬಂದ ಮೇಲೆ ಅದರ ಚಾರ್ಜು ದಿನಾ ಬೆಳಗ್ಗೆ ಎಷ್ಟಿತ್ತು ಎಂಬುದೂ ಸೇರಿತು. ಇಷ್ಟು ಬರೆದಿಡುವವಳ ಗಾಡಿ ದಾರಿಯಲ್ಲಿ ನಿಲ್ಲುವುದುಂಟೆ? ನಮ್ಮ ಯಜಮಾನರಿಗೆ ಆ ನಂಬಿಕೆ ಇರಲಿಲ್ಲ. "ಚಿಕ್ಕಬಳ್ಳಾಪುರದೊಳಗೆ ಓಡಿಸ್ಕೋ. ಬೆಟ್ಟದ ಕಡೆ ಹೋಗಿ ನಿಂತ್ರೆ ನಂಗೆ ಫೋನ್ ಮಾಡ್ಬೇಡ ಕಣೇ" ಅಂದಿದ್ದರು. "ಮಾಡಲ್ಲ ಬಿಡಿ" ಅಂದಿದ್ದೆ.

ಅಕ್ಕನನ್ನು ನೋಡಲು ಗೌರಿಬಿದನೂರಿಗೆ ಹೋದೆ. "ಚಾರ್ಜಿಗೆ ಹಾಕಮ್ಮ" ಅಂದಳು. "ಅರ್ಧಕ್ಕಿಂತ ಜಾಸ್ತಿ ಇದೆ, ಸಾಕು" ಅಂದೆ. ಹೊರಡುವಾಗ ಅವಳು ಹೊಸ ರಾಗಿಯ ಮೂಟೆಯೊಂದನ್ನು ಕಾಲ ಬಳಿ ಹೇರಿದಳು. ಮೂಟೆಯ ತೂಕವಾಗಲಿ, ರಸ್ತೆಯ ಏರಾಗಲಿ ನನ್ನ ಕ್ಯಾಲೆಂಡರಿನಲ್ಲಿ ಇರಲಿಲ್ಲ. ಬೆಟ್ಟಗಳ ನಡುವಿನ ನಲವತ್ತು ಮನೆಯ ಊರೊಂದಕ್ಕೆ ಬರುವಷ್ಟರಲ್ಲಿ ಚಾರ್ಜು ಶೇಕಡಾ ನಾಲ್ಕಕ್ಕೆ ಇಳಿದಿತ್ತು.

ಪ್ಲಗ್ಗು ಹುಡುಕುತ್ತಾ ಹೋದರೆ ಹಾಲಿನ ಡೈರಿಗೆ ಬೀಗ, ತೆಗೆಯುವುದು ಸಂಜೆಗೆ. ಹಿಟ್ಟಿನ ಗಿರಣಿಯ ಬಾಷಾ, "ಗಿರಣಿ ಓಡುವಾಗ ಇನ್ನೊಂದು ಹಾಕಿದ್ರೆ ಫ್ಯೂಸ್ ಹೋಗತ್ತಕ್ಕ" ಎಂದು ಹೇಳಿ, ಮೀಸೆಯಲ್ಲೇ ನಕ್ಕ. "ನಿಮ್ಮ ನಾದಿನಿ ಮನೆ ಜಗಲೀಲಿ ಪ್ಲಗ್ ಇದೆಯಲ್ಲ?"

ಅದು ನನಗೂ ಗೊತ್ತಿತ್ತು. ಅದಕ್ಕೇ ಆ ಬೀದಿ ಬಿಟ್ಟು ಉಳಿದ ಬೀದಿಗಳನ್ನೆಲ್ಲ ಸುತ್ತಿದ್ದೆ. ಯಜಮಾನರ ತಂಗಿ ರತ್ನ ನನ್ನ ಜೊತೆ ಮಾತು ಬಿಟ್ಟು ಒಂದೂವರೆ ವರ್ಷ. ಅವಳ ಮನೆಯ ಗೃಹಪ್ರವೇಶದಲ್ಲಿ, ನೆಂಟರೆಲ್ಲ ಕೂತ ಪಂಕ್ತಿಯಲ್ಲಿ, "ಬಸ್ಸಾರಿಗೆ ಉಪ್ಪು ಮುಂದಾಯ್ತು ರತ್ನ" ಅಂದಿದ್ದೆ. ಈಗ ಅವಳ ಬಾಗಿಲಿಗೆ ಹೋಗಬೇಕು, ಇಲ್ಲವೇ ಯಜಮಾನರಿಗೆ ಫೋನ್ ಮಾಡಬೇಕು. ಒಂದು ಸಲ ಫೋನ್ ಮಾಡಿದರೆ ಜೀವಮಾನವಿಡೀ ಕೇಳಬೇಕಾಗುತ್ತದೆ. ಗಾಡಿ ತಳ್ಳಿಕೊಂಡು ರತ್ನನ ಮನೆಗೆ ಹೋದೆ.

"ವೈರು ತಂದಿದ್ದೀರಾ ಅತ್ತಿಗೆ?" ಅಂದಳು. ಬನ್ನಿ ಅನ್ನಲಿಲ್ಲ.

"ಒಂದು ಗಂಟೆ ಅಷ್ಟೇ. ಹೊರಟುಬಿಡ್ತೀನಿ ಕಣಮ್ಮ."

"ಯಾರು ಹಿಡ್ಕೊಂಡಿದ್ದಾರೆ?"

ಚಾರ್ಜರಿನ ಹಸಿರು ದೀಪ ಹತ್ತಿದ್ದನ್ನು ನೋಡಿ ಹಿತ್ತಲಿಗೆ ಕೈಕಾಲು ತೊಳೆಯಲು ಹೋದೆ. ಬಂದು ನೋಡುತ್ತೇನೆ, ದೀಪ ಇಲ್ಲ. ಸ್ವಿಚ್ಚು ಆಫ್ ಆಗಿದೆ. ಮನೆಯಲ್ಲಿ ರತ್ನನ ಹೊರತು ಇನ್ನೊಂದು ನರಪಿಳ್ಳೆ ಇಲ್ಲ. ಅವಳು ಒಳಗಿನಿಂದ, "ಚಾರ್ಜ್ ಆಗ್ತಿದೆಯಾ? ಮುದ್ದೆ ಕಟ್ತಾ ಇದೀನಿ" ಅಂದಳು.

ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನುಂಗಿದೆ. ಮತ್ತೆ ಹಾಕಿದರೆ ನೋಡಿದ್ದು ಗೊತ್ತಾಗುತ್ತದೆಂದು ಸ್ವಿಚ್ಚನ್ನೂ ಮುಟ್ಟಲಿಲ್ಲ. "ಆಗ್ತಿದೆ, ಆಗ್ತಿದೆ" ಅಂದೆ.

ಬಸ್ಸಾರೇ ಮಾಡಿದ್ದಳು. ನಾನು ಒಂದು ಮುದ್ದೆ ಮುಗಿಸಿ ಎರಡನೆಯದಕ್ಕೆ ಕೈ ಹಾಕುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದು, "ಹೇಗಿದೆ ಅತ್ತಿಗೆ?" ಅಂದಳು.

"ಹದವಾಗಿದೆ ಕಣಮ್ಮ."

"ಸುಳ್ಳು. ಉಪ್ಪೇ ಹಾಕಿಲ್ಲ." ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೂ ತಡೆಯಲಾಗಲಿಲ್ಲ. ಉಪ್ಪಿನ ಡಬ್ಬಿಯನ್ನು ನನ್ನ ಮುಂದಿಟ್ಟು ಜಗಲಿಗೆ ಹೋದಳು. ಸ್ವಿಚ್ಚು ಟಕ್ಕೆಂದದ್ದು ಒಳಗೆ ಕೂತ ನನಗೆ ಕೇಳಿಸಿತು. ಇಬ್ಬರೂ ಆ ಮಾತೆತ್ತಲಿಲ್ಲ. ಎತ್ತಲು ಒಂದೂವರೆ ವರ್ಷದ ಬೇರೆ ಮಾತುಗಳಿದ್ದವು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. "ಇಷ್ಟು ಹೊತ್ತಾ?" ಅಂದರು ಯಜಮಾನರು. "ಬೆಟ್ಟದೂರಲ್ಲಿ ಕರೆಂಟು ನಿಧಾನ" ಅಂದು, ಕ್ಯಾಲೆಂಡರಿನಲ್ಲಿ ಅಂದಿನ ಚೌಕದೊಳಗೆ ಬರೆದೆ: ರತ್ನನ ಮನೆ. ಪ್ಲಗ್ಗು ಚೆನ್ನಾಗಿದೆ. ಸಾರಿಗೆ ಉಪ್ಪಿರಲಿಲ್ಲ.

ಬಾಯಲ್ಲಿ ತಡೆದದ್ದು ಪೆನ್ನಿಗಿಳಿದಿತ್ತು. ಈ ಭಾನುವಾರ ರತ್ನ ನಮ್ಮಲ್ಲಿಗೆ ಊಟಕ್ಕೆ ಬರುತ್ತಾಳೆ, ನೇರ ಅಡುಗೆಮನೆಗೇ ಬರುವವಳು. ಆ ಹಾಳೆ ಹರಿದುಬಿಡೋಣವೆಂದರೆ, ಸಿಲಿಂಡರ್ ಹಚ್ಚಿದ ದಿನವೂ ಅದರಲ್ಲೇ ಇದೆ.