ತುಂಬಿದ ಪೆಟ್ರೋಲು

ಗುರುಪ್ರಸನ್ನನ ಬಿಳಿ ಅಂಗಿಗೆ ಅವತ್ತು ಇಸ್ತ್ರಿ ಚೆನ್ನಾಗಿ ಕೂತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ರಾಯಚೂರಿನಲ್ಲಿ ಅವನು ಹಲ್ಲಿನ ಡಾಕ್ಟರು. ಕುರ್ಡಿಯಲ್ಲಿ ಸೋದರತ್ತೆ ಅಹಲ್ಯಾಬಾಯಿಯ ಹೊಲದಲ್ಲಿ ಅವನದೊಂದು ಎರಡು ಸೀಟಿನ ಪುಟ್ಟ ವಿಮಾನವಿತ್ತು. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆಲ್ಲ ಅದರ ಸಾಹಸ ಹೇಳುತ್ತಿದ್ದ. ಪಾಪ, ಅವರು ಎದುರಾಡುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಇವತ್ತು ಪರೀಕ್ಷೆ. ಪರೀಕ್ಷಕರಾದ ಕ್ಯಾಪ್ಟನ್ ತಿರುಪತಿಯವರು ಪಕ್ಕದಲ್ಲಿ ಕೂತು ನೋಡಿ ಒಪ್ಪಿದರೆ ಲೈಸೆನ್ಸು ಉಳಿಯುತ್ತದೆ. ಇಲ್ಲದಿದ್ದರೆ ವಿಮಾನದ ರೆಕ್ಕೆಯ ಮೇಲೆ ಅತ್ತೆ ಸಂಡಿಗೆ ಒಣಗಿಸುವುದು ಖಂಡಿತ.

ಪೆಟ್ರೋಲಿನ ಮುಳ್ಳು ಕೆಟ್ಟು, ಮದುವೆ ಮಾತಿಗೆ ಕೂತ ಹಿರಿಯರಂತೆ ಯಾವ ಕಡೆಗೂ ವಾಲದೆ ನಡುವೆ ನಿಂತಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟು ನೋಡಬೇಕು. ಬಿಳಿ ಅಂಗಿ ಬೇಡವೆಂದಿತು. ಹೇಗೂ ಕ್ಯಾನಿನಲ್ಲಿದ್ದ ಪೆಟ್ರೋಲನ್ನು ಆಳು ಆದೆಪ್ಪನ ಕೈಲಿ ಹಾಕಿಸಿಡಲು ನಿನ್ನೆಯೇ ಅತ್ತೆಗೆ ಹೇಳಿದ್ದ.

"ಅತ್ಯಾ, ಪೆಟ್ರೋಲು ಏನಾತು?"

ಅಹಲ್ಯಾಬಾಯಿ ಅವನ ಅಂಗೈಗೆ ಸಕ್ಕರೆ ಹಾಕುತ್ತ, "ಅದು ತುಂಬ್ಯದೋ ಗುರು," ಎಂದರು.

ಕ್ಯಾಪ್ಟನ್ ಬೆಲ್ಟು ಕಟ್ಟಿಕೊಳ್ಳುತ್ತ, "ಪೆಟ್ರೋಲು ನೋಡೀರೇನ್ರಿ?" ಎಂದು ಕೇಳಿದರು.

"ತುಂಬ್ಯದ್ರಿ," ಎಂದು ಗುರುಪ್ರಸನ್ನ ವಿಮಾನ ಏರಿಸಿದ.

ದೇವದುರ್ಗ ದಾಟಿ ಗೂಗಲ್ ಹತ್ತಿರ ಕೃಷ್ಣೆ ಕಾಣುವಷ್ಟರಲ್ಲಿ ಇಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಗುರುಪ್ರಸನ್ನನ ಕೈ ಕಲಿತದ್ದನ್ನು ಮರೆಯಲಿಲ್ಲ. ಭತ್ತ ಕೊಯ್ದ ಗದ್ದೆಯೊಂದರಲ್ಲಿ ಕುಲುಕುತ್ತ ಇಳಿಸಿದ. ಅಂಗಿಗೆ ಒಂದು ಕಲೆಯೂ ಆಗಿರಲಿಲ್ಲ.

ಗದ್ದೆಯ ಯಜಮಾನ ಹುಲಗಪ್ಪ ಓಡಿ ಬಂದ. ಅವನ ಹಿಂದೆ ಹೆಂಡತಿ ಅಮರಮ್ಮ, ಅವಳ ಹಿಂದೆ ಅರ್ಧ ಊರು.

"ಬಂದ್ ಬಿತ್ತೇನ್ರಿ? ಒಂದ್ ಮಗ್ಗಲಿಗೆ ವಾಲಿಸ್ರಿ. ನಮ್ಮ ಬೈಕು ಹಂಗ ಮಾಡಿದ್ರ ಪಂಪ್ ತನಕ ಹೋಗ್ತದ," ಎಂದ ಹುಲಗಪ್ಪ. ನಾಲ್ಕು ಮಂದಿ ಆಗಲೇ ರೆಕ್ಕೆಗೆ ಕೈ ಹಾಕಿದ್ದರು.

"ಮುಟ್ಟಬ್ಯಾಡ್ರಿ," ಎಂದು ಗುರುಪ್ರಸನ್ನ ಕ್ಯಾಪ್ಟನ್ನರ ಕಡೆ ತಿರುಗಿ ನಕ್ಕ. "ಸರ್, ಇಂಜಿನ್ನು ನಾನೇ ಬಂದ್ ಮಾಡಿದ್ದೆ. ಹಿಂಗಾದಾಗ ಇಳಿಸೋದು ನನಗ ಬರ್ತದಂತ ತೋರಿಸಬೇಕಿತ್ತು."

"ಇಳಿಸಿದ್ದು ಛಲೋ ಆತ್ರಿ. ಹಂಗಾದ್ರ ಪಾಸು," ಎಂದರು ಕ್ಯಾಪ್ಟನ್. "ಚಾಲು ಮಾಡ್ರಿ, ಹೋಗೋಣ."

ಗುರುಪ್ರಸನ್ನ ಬೆವರಿದ. ಅಷ್ಟರಲ್ಲಿ ಫೋನು ಬಂತು. ದೇವರೇ ಕರೆದನೆಂದುಕೊಂಡು ತೆಗೆದ. ಜನರ ಗದ್ದಲಕ್ಕೆ ಕೇಳಿಸದೆ ಸ್ಪೀಕರ್ ಹಾಕಿದ.

"ಗುರೂ, ಎಲ್ಲಿದ್ದೀಯೋ? ಆದೆಪ್ಪ ಮಾನ್ವಿಯಿಂದ ಈಗ ಪೆಟ್ರೋಲು ತಂದಾನ. ಇಲ್ಲಿ ನೋಡಿದ್ರ ವಿಮಾನಾನೇ ಇಲ್ಲ."

"ತುಂಬ್ಯದ ಅಂದ್ಯಲ್ಲ ಅತ್ಯಾ?"

"ಹೌದಪ್ಪ. ಹುಲ್ಲು ಕೊಯ್ಯೋ ಮಷೀನಿಗೆ ಹಾಕಿ ಕ್ಯಾನು ಬರಿದಾಗಿತ್ತು. ಶುಭಕ್ಕ ಹೊಂಟವನ ಮುಂದ ತೀರ್ಯದ ಅಂತಾರೇನು? ಅಕ್ಕಿ ತೀರಿದ್ರ ತುಂಬ್ಯಾವ ಅಂತೀವಿ, ಎಣ್ಣಿ ತೀರಿದ್ರ ತುಂಬ್ಯದ ಅಂತೀವಿ. ಒಂದಿನರ ಅಡಿಗಿಮನಿಗೆ ಬಂದಿದ್ರ ತಿಳೀತಿತ್ತು ನಿನಗ."

"ನಮ್ಮಲ್ಲೂ ಹಂಗ ಅಂತೀವ್ರಿ," ಎಂದಳು ಅಮರಮ್ಮ, ಯಾರೂ ಕೇಳದಿದ್ದರೂ.

ಗುರುಪ್ರಸನ್ನ ಫೋನು ಜೇಬಿಗಿಟ್ಟ. "ಸರ್, ತಪ್ಪು ನಮ್ಮ ಅತ್ಯಾಂದು."

"ಹಾರಿಸಿದವರು ಯಾರ್ರಿ?"

ಗುರುಪ್ರಸನ್ನ ಬಿಳಿ ಅಂಗಿಯ ತೋಳು ಮಡಿಸುತ್ತ, "ಮತ್ತ ನನ್ನ ಲೈಸೆನ್ಸು?" ಎಂದ.

ಕ್ಯಾಪ್ಟನ್ ಅವನ ಹೆಗಲ ಮೇಲೆ ಕೈಯಿಟ್ಟರು. "ನಾನೂ ಈ ಕಡಿಯವನೇ. ನಮ್ಮ ಮನ್ಯಾಗೂ ಕೆಟ್ಟ ಮಾತು ಆಡಂಗಿಲ್ಲ," ಎಂದು ಮೆಲ್ಲಗೆ ಹೇಳಿದರು. "ನಿಮ್ಮ ಲೈಸೆನ್ಸು ತುಂಬ್ಯದ್ರಿ."