ಕ್ಯಾಚ್ ಅಪ್ ಮಾಡೋಣ

ಇಂಗ್ಲಿಷಿನಲ್ಲಿ ನಾನು ಅತಿ ಹೆಚ್ಚು ಬಳಸಿ, ಅತಿ ತಡವಾಗಿ ಅರ್ಥಮಾಡಿಕೊಂಡ ಮಾತೆಂದರೆ ‘ಕ್ಯಾಚ್ ಅಪ್’. ನಿಘಂಟಿನಲ್ಲಿ ಇದಕ್ಕೆ ಮುಂದೆ ಹೋದವರನ್ನು ಓಡಿ ಸೇರಿಕೊಳ್ಳುವುದು, ಹಿಂದೆ ಬಿದ್ದ ಕೆಲಸ ಮುಗಿಸುವುದು, ಬಹಳ ದಿನದ ಮೇಲೆ ಕೂತು ಹರಟುವುದು ಎಂದೆಲ್ಲ ಇದೆ. ಸಿಂಗಪುರದ ನಮ್ಮ ಕನ್ನಡದವರಲ್ಲಿ ಮಾತ್ರ ಅರ್ಥ ಒಂದೇ: ‘ಸದ್ಯಕ್ಕೆ ನನ್ನನ್ನು ಬಿಡು ಮಾರಾಯ.’ ಎಕ್ಸ್‌ಪೋ ಸ್ಟೇಷನ್ನಿನ ಎಸ್ಕಲೇಟರಿನಲ್ಲಿ ಒಬ್ಬ ಮೇಲಕ್ಕೆ, ಇನ್ನೊಬ್ಬ ಕೆಳಕ್ಕೆ ಹೋಗುತ್ತ “ಕ್ಯಾಚ್ ಅಪ್ ಮಾಡೋಣ ಗುರೂ!” ಎಂದು ಕೂಗಿಕೊಂಡರೆ ಆ ವರ್ಷದ ಸ್ನೇಹ ರಿನ್ಯೂ ಆದಂತೆ. ಮೂರು ವರ್ಷದಲ್ಲಿ ನಾನು ಹೀಗೆ ಮಾತು ಕೊಟ್ಟವರೆಲ್ಲ ಒಂದೇ ದಿನ ಬಂದುಬಿಟ್ಟರೆ ಮದುವೆ ಛತ್ರವನ್ನೇ ಬುಕ್ ಮಾಡಬೇಕಾದೀತು.

ಈ ಬಳಕೆ ಗೊತ್ತಿಲ್ಲದ ಏಕೈಕ ಕನ್ನಡಿಗರು ನಮ್ಮ ಆಫೀಸಿನ ವಾಸು ಸರ್. ಮೈಸೂರಿನವರು, ಐವತ್ತರ ಹತ್ತಿರ. ಮಗಳ ಓದಿಗೆಂದು ಹೆಂಡತಿ ಊರಿಗೆ ಮರಳಿದ ಮೇಲೆ ಟ್ಯಾಂಪಿನೀಸಿನಲ್ಲಿ ಬಾಡಿಗೆಗೆ ಒಂದು ರೂಮು ಹಿಡಿದಿದ್ದರು. ಅಡುಗೆ ಮಾಡಲು ಬಿಡುವ ಓನರ್ ಸಿಕ್ಕಿದ್ದಾರೆಂಬುದೇ ಅವರ ದೊಡ್ಡ ಹೆಮ್ಮೆ. ಕ್ಯಾಚ್ ಅಪ್ ಎಂದರೆ ಅವರು ವಾರ, ಗಂಟೆ, ಅಡುಗೆ ಮೂರನ್ನೂ ಹೇಳಿಬಿಡುತ್ತಿದ್ದರು: “ಶನಿವಾರ ಹನ್ನೆರಡೂವರೆಗೆ ಕ್ಯಾಚ್ ಅಪ್ ಆಗೋಣ್ವೇನಯ್ಯ? ಬಿಸಿಬೇಳೆಬಾತ್ ಮಾಡ್ತೀನಿ.” ಇಂಥ ಅನಾಗರಿಕತೆಯನ್ನು ನನ್ನಂಥ ಮಿಮಿಕ್ರಿಯವನು ಬಿಡುವುದುಂಟೇ? ಬಾಸನ್ನು, ಎಂಆರ್‌ಟಿ ರೈಲಿನ ಅನೌನ್ಸ್‌ಮೆಂಟನ್ನು, ಬಾಸಿನೆದುರು ತಡವರಿಸುವ ನನ್ನನ್ನೇ ಅಣಕಿಸುತ್ತಿದ್ದ ನನಗೆ ವಾಸು ಸರ್ ಹಬ್ಬದೂಟ. ಬ್ಯಾಗನ್ನು ಹೆಗಲಿಂದ ಹೆಗಲಿಗೆ ದಾಟಿಸಿ, ಎರಡು ಸಲ ಕೆಮ್ಮಿ, “ಬಿಸಿಬೇಳೆಬಾತ್ ಮಾಡ್ತೀನಿ” ಎಂದರೆ ಆಫೀಸಿನ ಪ್ಯಾಂಟ್ರಿಯೇ ಬಿದ್ದು ಬಿದ್ದು ನಗುತ್ತಿತ್ತು. ಕನ್ನಡ ಬಾರದ, ನನ್ನ ಟೀಮಿನ ಚೀನೀ ಹುಡುಗಿ ಲಿನ್ ಕೂಡ.

ಒಂದು ದಿನ ಎರಡನೇ ಕೆಮ್ಮು ಮುಗಿಸುವಾಗ ಬಾಗಿಲಲ್ಲಿ ಸಾಕ್ಷಾತ್ ವಾಸು ಸರ್.

“ಏನಯ್ಯ, ನನ್ನ ಗಂಟಲು ಅಷ್ಟೊಂದು ಕೆಟ್ಟಿದ್ಯಾ?” ಎಂದು ಅವರೇ ಮೊದಲು ನಕ್ಕರು. “ಅದಿರ್ಲಿ, ಈ ಶನಿವಾರ ಬರ್ತೀಯಲ್ಲ? ಎಲ್ರಿಗೂ ಹೇಳಿದೀನಿ, ಲಿನ್‌ಗೂ.”

“ಡೆಫಿನೆಟ್ಲಿ ಸರ್, ಕ್ಯಾಚ್ ಅಪ್ ಮಾಡೋಣ!” ಎಂದೆ. ಶನಿವಾರ ಎಸಿ ಹಾಕಿಕೊಂಡು ಮಲಗಿದ್ದೆ. ಒಂದು ಗಂಟೆಗೆ ಫೋನು ಹೊಡೆದುಕೊಂಡಿತು. ಅವರ ಹೆಸರು ನೋಡಿ ಮಗುಚಿಟ್ಟೆ.

ಸೋಮವಾರ ಅವರ ಟೇಬಲ್ಲು ಖಾಲಿ. “ಯೂ ನೆವರ್ ಗೋ, ಆಹ್?” ಎಂದಳು ಲಿನ್. ಇಲ್ಲಿ ಕೆಲಸ ಮಾಡಲು ಬೇಕಾದ ಅವರ ವರ್ಕ್ ಪಾಸ್ ರಿನ್ಯೂ ಆಗಲಿಲ್ಲವಂತೆ. ಭಾನುವಾರದ ಫ್ಲೈಟಿಗೆ ಹೊರಟೇಹೋದರಂತೆ. ಯಾರಿಗೂ ಮೊದಲೇ ತಿಳಿಸಿರಲಿಲ್ಲ, ಊಟಕ್ಕೆ ಕೂತಾಗ ಹೇಳೋಣವೆಂದಿದ್ದರಂತೆ. ಎಂಟು ತಟ್ಟೆ ಇಟ್ಟಿದ್ದರು. ಹೋದವಳು ಲಿನ್ ಒಬ್ಬಳೇ. ಲಿಫ್ಟಿನ ಸದ್ದಾದಾಗಲೆಲ್ಲ ವಾಸು ಸರ್ ಎದ್ದು ಬಾಗಿಲವರೆಗೆ ಹೋಗಿ ನೋಡುವುದು, ಬಂದು ಬಾತನ್ನು ಮತ್ತೆ ಬಿಸಿಮಾಡುವುದು. “ಆ ಹುಡುಗ ಬರಲಿ, ಅವನ ಕೈಲಿ ನನ್ನ ಮಿಮಿಕ್ರಿ ಮಾಡಿಸೋಣ” ಎಂದು ಅವಳಿಗೆ ಹೇಳುತ್ತಲೇ ಇದ್ದರಂತೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದಳು ಲಿನ್. ನಾನು ಖಾರ ತಿಂದಿರಲಿಲ್ಲ.

ವಾರ ಬಿಟ್ಟು ಮೈಸೂರಿಗೆ ಫೋನ್ ಮಾಡಿದೆ. ಊರಿನವರ ದನಿಯೆಲ್ಲ ಬರುವ ನನಗೆ ಕ್ಷಮೆ ಕೇಳಲು ಒಂದು ದನಿಯೂ ಹೊಂದಲಿಲ್ಲ. “ಸಾರಿ ಸರ್, ಅವತ್ತು...” ಎಂದು ನಿಂತೆ.

“ಅಯ್ಯೋ ಬಿಡಯ್ಯ, ಎಲ್ರಿಗೂ ಅವರವರ ಕೆಲಸ ಇರುತ್ತೆ.”

“ಡಿಸೆಂಬರ್‌ನಲ್ಲಿ ಊರಿಗೆ ಬರ್ತಿದೀನಿ ಸರ್. ನಿಮ್ಮನೆಗೆ ಬಂದೇ ಬರ್ತೀನಿ. ಯಾವತ್ತು ಬರ್ಲಿ?”

ಆ ಕಡೆ ಎರಡು ಸಲ ಕೆಮ್ಮಿದರು. ಆಮೇಲೆ ತುಂಬ ಉತ್ಸಾಹದಿಂದ ಹೇಳಿದರು: “ಡೆಫಿನೆಟ್ಲಿ ಕಣಯ್ಯ, ಕ್ಯಾಚ್ ಅಪ್ ಮಾಡೋಣ!”

ವಾರ ಇಲ್ಲ, ಗಂಟೆ ಇಲ್ಲ, ಅಡುಗೆಯ ಸುದ್ದಿಯಂತೂ ಇಲ್ಲವೇ ಇಲ್ಲ. ನನ್ನ ಮಿಮಿಕ್ರಿಯನ್ನು ಇಷ್ಟು ಚೆನ್ನಾಗಿ ಅದುವರೆಗೆ ಯಾರೂ ಮಾಡಿರಲಿಲ್ಲ.